ದವಾಖಾನೆಯ ದಾರಿಯಲ್ಲೊಂದು ಅರಮನೆ

ಎಪ್ಪತ್ತರ ದಶಕದಲ್ಲಿ ನಾನು ಮುದ್ದೇಬಿಹಾಳದ ಹತ್ತಿರದ ಒಂದು ಹಳ್ಳಿಯ ಶಾಲೆಯಲ್ಲಿ ಅಕ್ಕೋರು, ಎಂದರೆ ಟೀಚರು. ಇನ್ನೂ ಮದುವೆಯಾಗಿರಲಿಲ್ಲ, ಬಾಯಿ ಮಾತ್ರ ಜೋರು. ನಾಲ್ಕನೆಯ ಇಯತ್ತೆಗೆ ವಿಜಾಪುರದ ಬಾದಶಹರ ಅರಮನೆಯ ಪಾಠ ಮಾಡುವಾಗ ಮುಂದೆ ಕುಳಿತ ಹುಡುಗಿಯೊಬ್ಬಳು, "ಅಕ್ಕೋರ, ನೀವು ನೋಡೀರೇನ್ರಿ?" ಎಂದಳು.

ನೋಡಿರಲಿಲ್ಲ. "ನೋಡದ ಏನು! ಮ್ಯಾಲ ಮಾಳಿಗಿ ತುಂಬ ಕನ್ನಡಿ ಕೂಡಿಸ್ಯಾರ" ಎಂದುಬಿಟ್ಟೆ. ಮಕ್ಕಳು ಬಾಯಿ ತೆರೆದು ಕೇಳಿದರು. ಪೂರಾ ನಂಬಿಯೂಬಿಟ್ಟರು. ಹೋಗಿ ನೋಡಿ ಬಂದು ಸುಳ್ಳನ್ನು ನಿಜ ಮಾಡಿಬಿಡಬೇಕು ಎಂದು ಒಂದು ಸೋಮವಾರ ರಜೆ ಹಾಕಿ ಹೊರಟೆ.

ನಮ್ಮ ಕಡೆ ಹೆಣ್ಣುಮಗಳು ಒಬ್ಬಳೇ ಬಸ್ಸು ಹತ್ತಲು ಮೂರೇ ಕಾರಣ: ತವರು, ದೇವರು, ದವಾಖಾನೆ. ಅರಮನೆ ಎಂದರೆ ಊರೆಲ್ಲ ನಗುತ್ತಿತ್ತು. ಬಾಡಿಗೆ ಮನೆಯ ಒಡತಿಗೆ "ಹಲ್ಲು ನೋವ್ರಿ, ದವಾಖಾನಿಗೆ ಹೊಂಟೇನಿ" ಎಂದೆ. ಬಸ್ಸಿನಲ್ಲಿ ಪಕ್ಕದ ಮುದುಕಿ ಕೇಳಿದಾಗಲೂ ಅದೇ ಮಾತು ಬಾಯಿಗೆ ಬಂತು.

"ನಾನೂ ಅಲ್ಲಿಗೇ, ಮೊಣಕಾಲ ತೋರ್ಸಾಕ. ಚಲೋ ಆತು ಬಿಡವ್ವಾ, ಜೋಡಿ ಆದಿ" ಎಂದು ಕೈ ಹಿಡಿದವಳು ಬಸವನ ಬಾಗೇವಾಡಿಯಲ್ಲಿ ಚಹಾಕ್ಕೆ ಇಳಿದಾಗಲೂ ಬಿಡಲಿಲ್ಲ. ವಿಜಾಪುರದಲ್ಲಿ ಜಾರಿಕೊಳ್ಳೋಣವೆಂದರೆ, "ಈ ಕೂಸಿಗೆ ಹಲ್ಲು ಭಾಳ ನೋಯಾಕತ್ತೈತಿ, ಲಗೂ ಹೊಡಿಯಪ್ಪಾ" ಎಂದು ಟಾಂಗಾದವನನ್ನು ಕೂಗಿದಳು.

ಮಧ್ಯಾಹ್ನದವರೆಗೆ ದವಾಖಾನೆಯ ಪಾಳಿಯಲ್ಲಿ ಕುಳಿತೆ. ಡಾಕ್ಟರು ನನ್ನ ಬಾಯೊಳಗೆ ಎಲ್ಲ ಕಡೆ ಬಡಿದು ನೋಡಿ, ಯಾವ ಹಲ್ಲು ಎಂದರು. ಮಾಡಿದ್ದುಣ್ಣೋ ಮಹರಾಯ ಎಂದು ಯಾವುದೋ ಒಂದು ತೋರಿಸಿದೆ. "ತಗದ ಬಿಡೋಣೇನು?" ಎಂದಾಗ ಎದ್ದು ಓಡಿ ಬಂದೆ.

ಹೊರಗೆ ಮುದುಕಿಯ ಮುಂದೆ ಎಲ್ಲ ಒಪ್ಪಿಕೊಂಡೆ. ಬೈಯುತ್ತಾಳೆ ಅಂದುಕೊಂಡಿದ್ದೆ. "ಅಯ್ಯ ನನ್ನ ಮಗಳ! ಹತ್ತು ಸರ್ತಿ ಬಂದೇನಿ ಈ ಊರಿಗೆ, ಈ ಪಾಳಿ ಬಿಟ್ಟು ಏನೂ ನೋಡಿಲ್ಲ. ನಡಿ, ನಾನೂ ಬರ್ತೇನಿ" ಎಂದಳು.

ಅರಮನೆಯ ಕಮಾನು ನೋಡಿ ಇಬ್ಬರ ಕತ್ತೂ ನೋವಾಯಿತು, ಅಷ್ಟು ಎತ್ತರ. ಒಳಗೆ ಹೋದರೆ ಮಾಳಿಗೆಯೇ ಇಲ್ಲ! ಚಾವಣಿಯ ಜಾಗದಲ್ಲಿ ಬರೀ ಮುಗಿಲು, ನಾಲ್ಕು ಗಿಳಿ. ನನ್ನ ಕನ್ನಡಿಗಳಿಗೆ ಅಂಗೈಯಷ್ಟೂ ಜಾಗವಿರಲಿಲ್ಲ. ನಾಚಿಕೆಯಾಯಿತು, ಆದರೂ ಅಲ್ಲಿ ನಿಂತಿದ್ದಕ್ಕೆ ಬಹಳ ಸಂತೋಷವಾಯಿತು. ನೆರಳಿನಲ್ಲಿ ಕುಳಿತು ಅವಳ ಬುತ್ತಿಯ ರೊಟ್ಟಿ, ಶೇಂಗಾ ಹಿಂಡಿ ತಿಂದೆವು. ಮುದುಕಿ ಮೊಣಕಾಲು ಮರೆತು ಮೂರು ಸುತ್ತು ಹಾಕಿದಳು. ಸಂಜೆಯ ಬಸ್ಸಿಗೆ ಹಿಂದಿರುಗಿದೆವು.

ಮರುದಿನ ಮಕ್ಕಳಿಗೆ ಎಲ್ಲ ಹೇಳಿದೆ: ಕನ್ನಡಿ ಸುಳ್ಳು, ಹಲ್ಲು ನೋವೂ ಸುಳ್ಳು. ಅವರು ಬಿದ್ದು ಬಿದ್ದು ನಕ್ಕರು, ನನ್ನ ಎದೆ ಹಗುರಾಯಿತು. ಮೊದಲು ಪ್ರಶ್ನೆ ಕೇಳಿದ್ದ ಆ ಹುಡುಗಿ ಮಾತ್ರ ನಗದೆ ಎದ್ದು ನಿಂತಳು.

"ಅಕ್ಕೋರ, ನಾ ದೊಡ್ಡಾಕಿ ಆದ ಮ್ಯಾಲ ಅರಮನಿ ನೋಡಾಕ ಹೋಗಬೇಕಂದ್ರ ಮನ್ಯಾಗ ಏನಂತ ಹೇಳ್ಲಿರಿ? ಹಲ್ಲು ನೋವೋ, ಹೊಟ್ಟಿ ನೋವೋ? ಯಾವದಕ್ಕ ಕಳಿಸ್ತಾರ?"