ನೀರನ್ನೇ ಕೇಳುತ್ತಿದ್ದ ಗೌಂಡಿ

ನವಲಗುಂದದ ಕಡೆಯ ಒಂದು ಹಳ್ಳಿಯಲ್ಲಿ ಹೆಣ್ಣುಮಕ್ಕಳ ಸಂಘದವರು ಊರಿಗೆಲ್ಲ ಸೇರಿದ, ಮಣ್ಣಿನ ಗೋಡೆಯ ಅಡುಗೆಮನೆ ಕಟ್ಟಿಸಿ, ಹಿಂದೆ ಕಾಯಿಪಲ್ಲೆ ತೋಟ ಮಾಡಲು ಹೊರಟಿದ್ದರು. ಎಂಬತ್ತರ ದಶಕದ ಮಾತು. ನಕ್ಷೆ ನನ್ನದು, ಕಟ್ಟುವ ಕೆಲಸ ಒಬ್ಬ ಮುದಿ ಗೌಂಡಿಯದು. ಎಲ್ಲರಿಗೂ ಅವರು ಕಾಕಾ. ಯಾವ ವಾದಕ್ಕೂ ಅವರದು ಒಂದೇ ಮಾತು: "ನೀರನ್ನ ಕೇಳೂಣು ತಡೀರಿ."

ಕುಡಿಯುವ ನೀರನ್ನೂ ಕೆರೆಯಿಂದ ಹೊತ್ತು ತರಬೇಕಾದ ಊರದು. ಪಾತ್ರೆ ತೊಳೆದ ನೀರು ಹಿಂದಕ್ಕೆ ಹರಿದುಹೋದರಷ್ಟೇ ತೋಟ ಉಳಿಯುತ್ತಿತ್ತು. ನಾನು ರಸಮಟ್ಟ ಇಟ್ಟು ನೋಡಿ, ಕಲ್ಲು ಹಾಸಿದ ನೆಲದ ಇಳಿಜಾರು ಸರಿಯಿದೆ ಎಂದೆ. ಕಾಕಾ ಕೈಯನ್ನು ಧೋತರಕ್ಕೆ ಒರೆಸಿಕೊಂಡು ನೆಲದ ಮೇಲೆ ತಂಬಿಗೆ ನೀರು ಬಗ್ಗಿಸಿದರು. ಸ್ವಲ್ಪ ನೀರು ಒಲೆಯ ಪಕ್ಕ ನಿಂತುಬಿಟ್ಟಿತು.

"ಅಂಗೈಯಷ್ಟು ನೀರು, ಬಿಡ್ರಿ ಕಾಕಾ. ನಾಳೆ ಒಲಿ ಹಚ್ಚೂದೈತಿ," ಎಂದೆ.

"ದಿನಾ ಅಂಗೈಯಷ್ಟು ಇಲ್ಲೇ ನಿಂತ್ರ, ಬದನಿಗಿಡಕ್ಕ ನಿಮ್ಮ ಡಿಗ್ರಿ ಕುಡಸೂದೇನ್ರಿ ಸಾಹೇಬ್ರ?"

ಹೆಂಗಸರು ಗೊಳ್ಳೆಂದು ನಕ್ಕರು. ಕಾಕಾ ನಗಲಿಲ್ಲ. ಹಾರೆ ಹಿಡಿದು, ಹಾಸಿದ್ದ ಕಲ್ಲನ್ನೆಲ್ಲ ಎಬ್ಬಿಸಿ, ಹೊತ್ತು ಮುಳುಗುವುದರೊಳಗೆ ಮತ್ತೆ ಹಾಸಿದರು. ಒಬ್ಬರೇ ಮಾಡಿದರೆಂದು ನನ್ನ ನೆನಪು. ನಾನೂ ಕಲ್ಲು ಹೊತ್ತೆನೆಂದು ಅಡುಗೆಯ ಶಾಂತವ್ವ ಹೇಳುತ್ತಾಳೆ. ನನ್ನ ಮರ್ಯಾದೆ ಉಳಿಸಲು ಹಾಗೆನ್ನುತ್ತಾಳೋ ಏನೋ.

ಮೊನ್ನೆ ಹೋದಾಗ ಇಬ್ಬರ ನೆನಪನ್ನೂ ಬದಿಗಿಟ್ಟು, ಒಲೆಯ ಪಕ್ಕ ಒಂದು ತಂಬಿಗೆ ನೀರು ಸುರಿದೆ. ಅದು ಎಲ್ಲಿಯೂ ನಿಲ್ಲದೆ, ಗೋಡೆಯ ಕಿಂಡಿ ದಾಟಿ ಬದನೆಯ ಬುಡ ಸೇರಿತು.