ಎಡಗೈಯ ಸಲಾಂ

ನನ್ನ ಮಗಳಿಗೆ ಎಂಟು ತಿಂಗಳು. ಅವಳು ಸೀನಿದರೂ ಆಸ್ಪತ್ರೆಗೆ ಓಡುತ್ತೇನೆ. ಡಾಕ್ಟರು ನೋಡಿ ಏನಿಲ್ಲ ಅಂದರೆ ನಂಬುವುದಿಲ್ಲ. ಬಿಸ್ಮಿಲ್ಲಾಬೀ ಕೂಸಿನ ಬೆನ್ನ ಮೇಲೆ ಕೈಯಾಡಿಸಿ "ಏನಿಲ್ಲ ತಗೋ ಬೇಟಿ, ಹವಾ ತುಂಬ್ಯಾದ" ಅಂದರೆ ನಂಬುತ್ತೇನೆ. ಮೈಲೂರಿನಲ್ಲಿ ಮೂವತ್ತು ವರ್ಷಗಳಿಂದ ಬಾಣಂತಿಯರಿಗೆ, ಕೂಸುಗಳಿಗೆ ಎಣ್ಣೆ ಹಚ್ಚಿ ನೀರು ಹಾಕುವವರು ಅವರು. ಹುಟ್ಟಿದ್ದು ಔರಾದ ಕಡೆಯ ಎಕಂಬಾದಲ್ಲಿ. ಸಾಲಿ ಕಂಡವರಲ್ಲ, ಓದೆಲ್ಲ ಬೆರಳಿನಲ್ಲಿ.

ಅವರ ಒಬ್ಬನೇ ಮಗ ಜುನೈದ ಎರಡೂವರೆ ವರ್ಷದಿಂದ ಜೈಲಿನಲ್ಲಿದ್ದಾನೆ. ಶಿಕ್ಷೆಯಾಗಿಲ್ಲ, ವಿಚಾರಣೆಯೇ ಮುಗಿದಿಲ್ಲ. ಬಾವಿಯ ಮೋಟಾರುಗಳಿಗೆ ತಂತಿ ಸುತ್ತುವ ಅಂಗಡಿ ಅವನದು. ಯಾರೋ ರಿಪೇರಿಗೆಂದು ಇಟ್ಟುಹೋದ ಎರಡು ಮೋಟಾರು ಭಾಲ್ಕಿ ಕಡೆಯ ಹೊಲಗಳಿಂದ ಕದ್ದವು ಎಂದು ತಿಳಿದದ್ದು ಪೊಲೀಸರು ಬಂದಾಗಲೇ. ಇಟ್ಟುಹೋದವನು ಸಿಗಲಿಲ್ಲ, ಜುನೈದ ಸಿಕ್ಕ. ಠಾಣೆಯಲ್ಲಿ ಕ್ಯಾಮೆರಾ ಇತ್ತಂತೆ. ಅವನು ಅಲ್ಲಿದ್ದ ಮೂರು ದಿನ ಮಾತ್ರ ಕೆಟ್ಟಿತ್ತಂತೆ.

ಜಾಮೀನು ಮಂಜೂರಾಗಿದೆ. ಆದರೆ ಜಾಮೀನಿಗೆ ನಿಲ್ಲಲು ಹೊಲದ ಪಹಣಿ ಇರುವವರು ಬೇಕು. ಬಗದಲ್‌ನಲ್ಲಿ ನಮ್ಮ ಮಾವನವರ ಹೊಲವಿದೆ. ಒಮ್ಮೆ ಕೇಳಿದೆ. "ನಾಳಿ ಅವ ತಾರೀಖಿಗಿ ಬರ್ಲಿಲ್ಲಂದ್ರ ಕೋರ್ಟಿನವ್ರು ಯಾರ ಮನಿಗಿ ಬರ್ತಾರ?" ಅಂದರು. ನನಗೂ ಹೆದರಿಕೆಯಾಯಿತು, ಮತ್ತೆ ಕೇಳಲಿಲ್ಲ. ಬಿಸ್ಮಿಲ್ಲಾಬೀ ನಮ್ಮನ್ನು ಎಂದೂ ಕೇಳಲಿಲ್ಲ. ಅದು ಇನ್ನೂ ಕಷ್ಟ.

ಕೋರ್ಟಿನ ತಾರೀಖಿನ ದಿನ ಅವರು ಬೆಳಗಿನ ಬಸ್ಸಿಗೆ ಭಾಲ್ಕಿಗೆ ಹೋಗುತ್ತಿದ್ದರು. ಪೊಲೀಸ್ ವ್ಯಾನಿನಿಂದ ಕೋರ್ಟಿನ ಮೆಟ್ಟಿಲಿಗೆ ಇಪ್ಪತ್ತು ಹೆಜ್ಜೆ. ಅಷ್ಟರಲ್ಲಿ ದುವಾ ಮಾಡುವವರ ಹಾಗೆ ಮಗನ ತಲೆ, ಹೆಗಲು, ಬೆನ್ನು ಸವರುವರು. ಕಾವಲಿನವನು "ಸಾಕ್ ನಡಿ ಮುದುಕಿ" ಅನ್ನುವುದರೊಳಗೆ ಬೆರಳು ಎಲ್ಲ ಓದಿ ಮುಗಿಸಿರುತ್ತಿತ್ತು. ಮೊದಲನೇ ತಾರೀಖಿಗೇ ವಕೀಲರಿಗೆ ಹೇಳಿದ್ದರು: "ಎಡಗಡಿ ಪಕ್ಕಡಿ ಎಲುಬು, ಕೆಳಗಿಂದ ಮೂರನೇದು ಮುರದದರಿ." ಜುನೈದ ಮಾತ್ರ ಏನೂ ಆಗಿಲ್ಲವೆನ್ನುತ್ತಿದ್ದ. ನ್ಯಾಯಾಧೀಶರು ಆಸ್ಪತ್ರೆಗೆ ಕಳಿಸಿದರು, ಎಕ್ಸ್‌ರೇಯಲ್ಲಿ ಮೂರನೆಯದೇ. ಹೊಡೆದವರಿಗೆ ಏನೂ ಆಗಲಿಲ್ಲ. ಆದರೆ ಬಹಳ ದಿನ ಅವನ ಮೈಮೇಲೆ ಯಾರ ಕೈಯೂ ಬೀಳಲಿಲ್ಲ.

ಈಚೆಗೆ ಅವನನ್ನು ದೂರದ ಇನ್ನೊಂದು ಜೈಲಿಗೆ ಹಾಕಿದರು. ಕಳೆದ ತಾರೀಖಿಗೆ ವ್ಯಾನೇ ಬರಲಿಲ್ಲ. ಈ ಸಲ ಬಿಸ್ಮಿಲ್ಲಾಬೀ "ನೀ ಓದಿದಾಕಿ, ಜೋಡಿ ಬಾ ಬೇಟಿ" ಅಂದರು. ಕೂಸು, ಬಿಸಿನೀರಿನ ಥರ್ಮಾಸು, ಎರಡು ಕುಂಚಿಗೆ ಎಲ್ಲ ಹೊತ್ತುಕೊಂಡು ಹೋದೆ.

"ಅಮ್ಮಾ, ಇನ್ನ ವ್ಯಾನ್ ಬರಲ್ರಿ," ಎಂದ ಕೋರ್ಟಿನ ಗುಮಾಸ್ತ. "ಸುಧಾರಣಾ ಆಗ್ಯಾದ. ಜೈಲಿಂದೇ ಟಿವಿದಾಗ ಬರ್ತಾರ. ಮುಂದ ಎಲ್ಲಾ ಹಿಂಗೇ."

"ಹಾಂಗಾದ್ರ ಜೈಲೂ ಟಿವಿದಾಗೇ ಇಡ್ರಿ ಸಾಬ್. ನನ್ನ ಮಗ ಮನ್ಯಾಗ ಇರ್ಲಿ."

ಬೆಂಚಿನ ಮೇಲಿದ್ದವರೆಲ್ಲ ನಕ್ಕರು. ಗುಮಾಸ್ತನೂ ನಕ್ಕ. ಕೆಟ್ಟವನಲ್ಲ. "ಬಿಸಲಾಗ ವ್ಯಾನಿನ್ಯಾಗ ಕುಂಡ್ರೋ ತ್ರಾಸ ತಪ್ತಲ್ರಿ ನಿಮ್ಮ ಹುಡುಗಗ," ಅಂದ. ಅದೂ ಸುಳ್ಳಲ್ಲ.

ಗೋಡೆಯ ಟಿವಿಯಲ್ಲಿ ಜುನೈದನ ಮುಖ ಅಂಗೈಯಷ್ಟೇ ಕಂಡಿತು. ಹಿಂದೆ ಜೈಲಿನ ಒಂದು ಫಲಕ. "ಏನಾದರೂ ತೊಂದರೆ ಇದೆಯೇ?" ಎಂದು ನ್ಯಾಯಾಧೀಶರು ಕೇಳಿದರು. ಅವನು ನಮಗೆ ಕಾಣದ ಯಾರನ್ನೋ ಒಮ್ಮೆ ನೋಡಿ, "ಇಲ್ರಿ ಸಾಹೇಬ್" ಎಂದ. ಮುಂದಿನ ತಾರೀಖು ಐದು ವಾರದ ಮೇಲೆ. ತಾಯಿ ಅಲ್ಲೇ ಎಲ್ಲೋ ಇರುತ್ತಾಳೆಂದು ಅವನಿಗೆ ಗೊತ್ತಿತ್ತಲ್ಲ, ಕೈಯೆತ್ತಿ ಸಲಾಂ ಮಾಡಿದ. ಟಿವಿ ನೀಲಿಯಾಯಿತು. ಪೂರ್ತಿ ಒಂದು ನಿಮಿಷವೂ ಆಗಿರಲಿಲ್ಲ.

ಹೊರಗೆ ಬಂದ ಬಿಸ್ಮಿಲ್ಲಾಬೀ ಗೋಡೆ ಹಿಡಿದು ನಿಂತರು. "ಎಡಗೈಲೆ ಸಲಾಂ ಮಾಡ್ದ, ನೋಡ್ದಿ? ಸಣ್ಣಾವ ಇದ್ದಾಗಿಂದ ಬಲಗೈ ಹಿಡ್ದು ಕಲ್ಸೀನಿ. ಬಲಗೈಗಿ ಏನೋ ಮಾಡ್ಯಾರ. ಒಮ್ಮಿ ಮುಟ್ಟಿದ್ರ ಸಾಕಿತ್ತು, ಒಮ್ಮಿ."

ಅವರು ಅಲ್ಲೇ ಕುಸಿದಾರೆಂಬ ಭಯಕ್ಕೆ ನನ್ನ ಬಾಯಿಂದ ಬಂದುಬಿಟ್ಟಿತು: "ಟಿವಿದಾಗ ಎಡ-ಬಲ ಉಲ್ಟಾ ಕಾಣ್ತದ್ರಿ, ಕನ್ನಡಿ ಹಂಗ. ಅವ ಬಲಗೈಲೇ ಮಾಡ್ಯಾನ."

"ಖರೇ?"

"ಖರೇರಿ."

ನನ್ನ ಮುಖವನ್ನು ಬಹಳ ಹೊತ್ತು ನೋಡಿದರು. ಆಮೇಲೆ ಬುತ್ತಿ ಬಿಚ್ಚಿ, ಮಗನಿಗೆಂದು ತಂದ ರೊಟ್ಟಿಯಲ್ಲಿ ಅರ್ಧ ನನಗೆ ಕೊಟ್ಟರು.

ಬಸ್ಸಿನಲ್ಲಿ ಕೂಸು ಮಲಗಿದ ಮೇಲೆ ನನಗೆ ಆ ಫಲಕ ನೆನಪಾಯಿತು. 'ಶಾಂತವಾಗಿರಿ' ಎಂದು ಬರೆದದ್ದನ್ನು ನಾನು ಸಲೀಸಾಗಿ ಓದಿದ್ದೆ. ಅಕ್ಷರ ಉಲ್ಟಾ ಇರಲಿಲ್ಲ. ಪಕ್ಕದಲ್ಲಿ ಬಿಸ್ಮಿಲ್ಲಾಬೀ ಕಿಟಕಿಗೆ ತಲೆಯಾನಿಸಿ ಕಣ್ಣು ಮುಚ್ಚಿದ್ದರು.

ಮನೆಗೆ ಬಂದು ವಕೀಲರಿಗೆ ಫೋನು ಮಾಡಿದೆ. "ಯಾವ ಕೈ ಎತ್ತಿದ ಅನ್ನೋದ್ರ ಮ್ಯಾಲ ಅರ್ಜಿ ಹ್ಯಾಂಗ ಹಾಕ್ಲಿ ಅಕ್ಕೋರೆ? ತ್ರಾಸ ಇಲ್ಲಂತ ಅವನೇ ಹೇಳ್ಯಾನ, ದಾಖಲ ಆಗ್ಯಾದ. ಮುದುಕಿ ಮುಟ್ಟಿ ಹೇಳಿದ್ರ ಮಾತು ಬ್ಯಾರಿ ಇತ್ತು," ಅಂದರು.

ಮರುದಿನ ಬೆಳಿಗ್ಗೆ ಬಿಸ್ಮಿಲ್ಲಾಬೀ ಎಂದಿನಂತೆ ಬಂದರು. ಕಾಲು ಚಾಚಿ ಕೂತು ಕೂಸನ್ನು ಮಲಗಿಸಿಕೊಂಡು ಎಣ್ಣೆ ಹಚ್ಚತೊಡಗಿದರು. ಬಲಗೈಗೆ ಬಂದಾಗ ಕೈ ನಿಂತಿತು.

"ಟಿವಿದಾಗ ಉಲ್ಟಾನೇ ಕಾಣ್ತದಲ್ಲ ಬೇಟಿ?"

"ಹೌದ್ರಿ," ಅಂದೆ.

ಕೂಸಿನ ಬಲಗೈಯನ್ನು ಹೆಗಲಿನಿಂದ ಬೆರಳಿನವರೆಗೆ ನೀವುತ್ತಲೇ ಇದ್ದರು. ನೀರು ಕಾದು ಕುದಿಯುತ್ತಿತ್ತು. ನಾನು ಎದ್ದು ಒಲೆ ಆರಿಸಿ ಬಂದು ಮತ್ತೆ ಅವರ ಪಕ್ಕ ಕೂತೆ.