ಬೂದಿಯಲ್ಲಿಟ್ಟ ಜೀನಿಯಾ ಬೀಜ

ಜೀನಿಯಾ ಹೂವಿಗೆ ವಾಸನೆಯಿಲ್ಲ ಅನ್ನುತ್ತಾರೆ. ಗಿಡವನ್ನು ಬೇರುಸಹಿತ ಕಿತ್ತವರಿಗೆ ಗೊತ್ತು, ಕಾಂಡದಿಂದ ಒಂದು ಹಸಿ ಕಹಿ ವಾಸನೆ ಬರುತ್ತದೆ, ಕೈ ತೊಳೆದರೂ ಹೋಗುವುದಿಲ್ಲ. ಮೊನ್ನೆ ದೊಡ್ಡಬಳ್ಳಾಪುರದ ಈ ಮನೆಯ ಮುಂದೆ, ಸೊಸೆ ಬೆಳೆಸಿದ್ದ ಗಿಡಗಳು ಮುಗಿದವೆಂದು ಕೀಳುವಾಗ ಅದೇ ವಾಸನೆ ಬೆರಳಿಗೆ ಹತ್ತಿತು. ಮಧುರೆ ಹತ್ತಿರದ ನಮ್ಮ ಹಳೆಯ ಮನೆ, ಅದರ ಜಗಲಿ, ಬಚ್ಚಲ ನೀರು ಹರಿಯುವ ಕಡೆಯ ಒಂದಿಷ್ಟು ಮಣ್ಣು, ಅಲ್ಲಿ ಕುಕ್ಕರಗಾಲಲ್ಲಿ ಕೂತ ಗೌರಕ್ಕ, ಎಲ್ಲ ಕಣ್ಣ ಮುಂದೆ ಬಂತು. ಆ ಮನೆ ಈಗಿಲ್ಲ. ಅಲ್ಲೊಂದು ಗೋದಾಮು ನಿಂತಿದೆ.

ಗೌರಕ್ಕ ನನ್ನ ದೊಡ್ಡಕ್ಕ. ಮದುವೆಯಾದ ವರ್ಷವೇ ಗಂಡ ಸತ್ತು ತವರಿಗೆ ಬಂದವಳು. ಹಿತ್ತಲ ಮಲ್ಲಿಗೆ, ಕನಕಾಂಬರ ಬಿಡಿಸುವುದಕ್ಕೂ ಅವಳಿಗೆ ಅಪ್ಪಣೆಯಿರಲಿಲ್ಲ. ಶಾಲೆಯ ತೋಟದಿಂದ ಒಣಗಿದ ಜೀನಿಯಾ ಹೂವೊಂದನ್ನು ಜೇಬಿನಲ್ಲಿ ತಂದು ಅವಳಿಗೆ ಕೊಟ್ಟವನು ನಾನು. "ದೇವ್ರಿಗೂ ಇಡಲ್ಲ, ತಲೆಗೂ ಮುಡಿಯಲ್ಲ. ಬೆಳ್ಕೊಳ್ಳಲಿ ಬಿಡು," ಎಂದು ಅಜ್ಜಿ ಸುಮ್ಮನಾಗಿದ್ದಳು. ಅಕ್ಕ ಬೀಜಕ್ಕೆಂದು ದೊಡ್ಡ ಹೂಗಳಿಗೆ ನೂಲು ಕಟ್ಟಿ, ಗಿಡದಲ್ಲೇ ಕಂದುಬಣ್ಣಕ್ಕೆ ತಿರುಗುವವರೆಗೆ ಬಿಡುತ್ತಿದ್ದಳು. ಆಮೇಲೆ ಅಂಗೈಯಲ್ಲಿ ಉಜ್ಜಿ, ಹೊಟ್ಟು ಊದಿ, ಒಲೆಯ ಬೂದಿಯಲ್ಲಿ ಬೆರೆಸಿ, ಬಟ್ಟೆಯಲ್ಲಿ ಗಂಟು ಕಟ್ಟಿ ಜಂತಿಗೆ ನೇತುಹಾಕುತ್ತಿದ್ದಳು. "ಹಸೀದು ಕೀಳ್ಬೇಡ ಕಣೋ, ಹಸಿ ಬೀಜ ಹುಟ್ಟಲ್ಲ," ಎಂದು ನನಗೂ ಕಲಿಸಿದ್ದಳು.

ಒಂದು ಸಂಜೆ ಎತ್ತಿನ ಕೊಂಬಿಗೆ ಕಟ್ಟಲೆಂದು, ಅಕ್ಕ ನೂಲು ಕಟ್ಟಿದ್ದ ಹೂವನ್ನೇ ನಾನು ಕಿತ್ತೆ. ಅಕ್ಕ ಗೆಳೆಯರೆದುರಿಗೇ ನನ್ನ ಬೆನ್ನಿಗೆ ಗುದ್ದಿದಳು. "ಲೋ ಕೋತಿ, ಇನ್ನೊಂದ್ಸಲ ಮುಟ್ಟು, ಕೈ ಮುರೀತೀನಿ!" ಹುಡುಗರು ನಕ್ಕರು. ಮಾರನೆಯ ಬೆಳಿಗ್ಗೆ ಬಚ್ಚಲಿಗೆ ಇಣುಕಿದೆ. ಅಕ್ಕ ಕಿವಿಯ ಮೇಲೆ ಕೆಂಪು ಜೀನಿಯಾ ಸಿಕ್ಕಿಸಿಕೊಂಡು, ಹಂಡೆಯ ನೀರಿನಲ್ಲಿ ತನ್ನ ಮುಖ ನೋಡಿಕೊಳ್ಳುತ್ತಿದ್ದಳು. ನಗುತ್ತಿದ್ದಳು. ಅವಳು ಹಾಗೆ ನಗುವುದನ್ನು ನಾನು ಮರೆತೇಬಿಟ್ಟಿದ್ದೆ. ಆದರೂ ಕೂಗಿದೆ: "ಅಜ್ಜೀ, ಅಕ್ಕ ಹೂ ಮುಡ್ಕೊಂಡವ್ಳೆ!"

"ಯಾರಿಗೆ ತೋರ್ಸೋಕೆ ಮುಡ್ಕೊಂಡ್ಯೇ?" ಎಂದು ಅಜ್ಜಿ ಹೂ ಕಿತ್ತೆಸೆದಳು. ನನ್ನ ಕಡೆ ತಿರುಗಿ, "ಬಾರ್ಲಾ, ಆ ಗಿಡ ಒಂದೂ ಬಿಡ್ದಂಗೆ ಕಿತ್ತಾಕು," ಅಂದಳು. ಅವ್ವ ಬಾಗಿಲಲ್ಲಿ ಸೆರಗು ಕಚ್ಚಿಕೊಂಡು ನಿಂತಳು. ನಾನು ಕಿತ್ತೆ, ಒಂದೂ ಬಿಡದ ಹಾಗೆ. ಅಕ್ಕ ತಡೆಯಲಿಲ್ಲ. ಎಲ್ಲರೂ ಒಳಗೆ ಹೋದ ಮೇಲೆ ತಿಪ್ಪೆಯಿಂದ ನೂಲು ಕಟ್ಟಿದ್ದ ಹೂಗಳನ್ನು ಆಯ್ದುಕೊಂಡಳು. ಹಳೆಯ ಗಂಟಿನ ಬೀಜವೆಲ್ಲ ಬಿತ್ತಿ ಮುಗಿದಿತ್ತು, ಇವುಗಳಲ್ಲಿ ಒಂದೂ ಬಲಿತಿರಲಿಲ್ಲ. ನೆರಳಲ್ಲಿ ಒಣಗಿಸಿ, ಉಜ್ಜಿ, ಬೂದಿ ಬೆರೆಸಿ, ಗಂಟು ಕಟ್ಟಿದಳು.

ಮಳೆ ಬಿದ್ದಾಗ ಅದೇ ಬೀಜವನ್ನು ಅದೇ ಮಣ್ಣಿಗೆ ಹಾಕಿದಳು. ಅಜ್ಜಿ ನೋಡಿ, ಮುಖ ತಿರುಗಿಸಿ ಒಳಗೆ ಹೋದಳು. ಸಂಜೆಯಾದರೆ ಅಕ್ಕ ಚೊಂಬಿನಲ್ಲಿ ನೀರು ತಂದು ಬರಿ ಮಣ್ಣಿಗೆ ಚಿಮುಕಿಸುವಳು. ನಾನು ತಡೆಯಲಾರದೆ ಕೇಳಿದೆ, "ಬರ್ತವಾ ಅಕ್ಕಾ?"

"ನೀನ್ ತಂದ್ಕೊಟ್ಟ ಬೀಜ ಅಲ್ವೇನೋ," ಅಂದಳು, ನನ್ನತ್ತ ನೋಡದೆ.

ತಪ್ಪಾಯಿತು ಅನ್ನುವ ಮಾತು ಬಾಯಿಗೆ ಬಂದಿತ್ತು, ಆಡಲಿಲ್ಲ. ಮುಂದಿನ ಬೇಸಿಗೆಯಲ್ಲಿ ಜ್ವರ ಬಂದು ಅಕ್ಕ ಹೋದಳು. ಅಲ್ಲಿಯವರೆಗೂ, ಒಂದೂ ಮೊಳೆಯದ ಆ ಮಣ್ಣಿಗೆ ನೀರು ಹಾಕುವುದನ್ನು ಅವಳು ಬಿಟ್ಟಿರಲಿಲ್ಲ. ಹಸಿ ಬೀಜ ಹುಟ್ಟುವುದಿಲ್ಲವೆಂದು ನನಗೆ ಹೇಳಿಕೊಟ್ಟವಳು ಅವಳೇ.